ಹತ್ತು ಲಕ್ಷದಲ್ಲಿ ಒಂದು, ನೂರು ಕೋಟಿಯಲ್ಲಿ ಒಂದು: ನೀರಿನ ವರದಿಯ ಏಕಮಾನಗಳನ್ನು ಓದುವ ಬಗೆ

ಪ್ರಶ್ನೆ: ನಮ್ಮ ತೋಟದ ಮನೆಯ ಕೊಳವೆಬಾವಿ ನೀರನ್ನು ಎರಡು ಪ್ರಯೋಗಾಲಯಗಳಲ್ಲಿ ಪರೀಕ್ಷೆ ಮಾಡಿಸಿದ್ದೇವೆ. ಮೊದಲನೆಯ ವರದಿಯಲ್ಲಿ ಫ್ಲೋರೈಡ್ ಲೀಟರಿಗೆ 1.8 ಮಿಲಿಗ್ರಾಂ, ಯುರೇನಿಯಂ ಲೀಟರಿಗೆ 18 ಮೈಕ್ರೋಗ್ರಾಂ, ನೈಟ್ರೇಟ್ (ಸಾರಜನಕವಾಗಿ) ಲೀಟರಿಗೆ 9.5 ಮಿಲಿಗ್ರಾಂ, ಸೀಸ ‘ಬಿಡಿಎಲ್’ ಎಂದು ಬರೆದಿದ್ದಾರೆ. ಎರಡನೆಯದರಲ್ಲಿ ನೈಟ್ರೇಟ್ 42 ಪಿಪಿಎಂ ಎಂದಿದೆ. ಮನೆಯಲ್ಲಿರುವ ಟಿಡಿಎಸ್ ಮೀಟರ್ 640 ಪಿಪಿಎಂ ತೋರಿಸುತ್ತದೆ. ಯುರೇನಿಯಂ ಫ್ಲೋರೈಡಿನ ಹತ್ತು ಪಟ್ಟು ಇದೆಯೇ? ಯಾವ ವರದಿಯನ್ನು ನಂಬಬೇಕು, ಯಾವ ಸಂಖ್ಯೆಗೆ ಹೆದರಬೇಕು? ಪಿಪಿಎಂ, ಪಿಪಿಬಿ, ಮೈಕ್ರೋಗ್ರಾಂ ಇವುಗಳಿಗೆ ಪರಸ್ಪರ ಏನು ಸಂಬಂಧ?
— ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಆತಂಕಕ್ಕೆ ಸಂಬಂಧಿಸಿದ ಮಾತನ್ನು ಮೊದಲು ಹೇಳಿ, ಅದರ ಕಾರಣಗಳನ್ನು ಆಮೇಲೆ ವಿವರಿಸುತ್ತೇನೆ. ನಿಮ್ಮ ನೀರಿನಲ್ಲಿ ಯುರೇನಿಯಂ ಫ್ಲೋರೈಡಿನ ಹತ್ತು ಪಟ್ಟು ಇಲ್ಲ. ಅದರ ನೂರರಲ್ಲಿ ಒಂದು ಪಾಲಿದೆ. ನೈಟ್ರೇಟ್ ವಿಷಯದಲ್ಲಿ ಎರಡೂ ಪ್ರಯೋಗಾಲಯಗಳು ಹೇಳಿರುವುದು ಒಂದೇ ಮಾತು. ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಘನವಸ್ತುಗಳ) ಮೀಟರಿನ 640 ನೀವು ಕೇಳಿರುವ ಯಾವ ಪ್ರಶ್ನೆಗೂ ಉತ್ತರವಲ್ಲ. ಈ ವರದಿಗಳಲ್ಲಿ ಕೂಡಲೇ ಗಮನ ಕೊಡಬೇಕಾದ ಅಂಶವೆಂದರೆ, ನೋಡಲು ಎಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಫ್ಲೋರೈಡಿನ 1.8.

ಏಕಮಾನಗಳಿಗೆ ಬರುವ ಮುನ್ನ ಪದದ ಒಂದು ತೊಡಕನ್ನು ಬಿಡಿಸಿಕೊಳ್ಳೋಣ. ದ್ರಾವಣವೊಂದರಲ್ಲಿ ಯಾವುದಾದರೂ ವಸ್ತು ಎಷ್ಟು ಪ್ರಮಾಣದಲ್ಲಿ ಕರಗಿದೆ ಎಂಬುದನ್ನು ಪತ್ರಿಕೆಗಳು ‘ಸಾಂದ್ರತೆ’ ಎಂದು ಬರೆಯುತ್ತವೆ. ಆದರೆ ಭೌತವಿಜ್ಞಾನದ ಪಠ್ಯಗಳಲ್ಲಿ ಅದೇ ಪದಕ್ಕೆ ಒಂದು ಲೀಟರಿನ ತೂಕ ಎಷ್ಟು ಎಂಬ ಬೇರೆಯ ಅರ್ಥವಿದೆ. ಈ ಉತ್ತರದಲ್ಲಿ ಎರಡೂ ಅರ್ಥಗಳು ಅಕ್ಕಪಕ್ಕದಲ್ಲಿಯೇ ಬರುವುದರಿಂದ, ಕರಗಿರುವ ಪ್ರಮಾಣಕ್ಕೆ ‘ಸಾರತೆ’ ಎಂಬ ಪದವನ್ನು ಬಳಸುತ್ತೇನೆ.

‘ಇಷ್ಟರಲ್ಲಿ ಇಷ್ಟು ಭಾಗ’ ಎಂಬ ಲೆಕ್ಕ ನಮಗೆ ಹೊಸದಲ್ಲ. ಶೇಕಡಾ ಎಂದರೆ ನೂರರಲ್ಲಿ ಇಷ್ಟು. ಚಿನ್ನದಂಗಡಿಯಲ್ಲಿ 916 ಎಂದರೆ ಸಾವಿರ ಭಾಗದಲ್ಲಿ 916 ಭಾಗ ಅಪ್ಪಟ ಚಿನ್ನ. ಇದೇ ಲೆಕ್ಕವನ್ನು ಹತ್ತು ಲಕ್ಷಕ್ಕೆ ವಿಸ್ತರಿಸಿದರೆ ಪಿಪಿಎಂ ಸಿಗುತ್ತದೆ: ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ. ಹಟ್ಟಿಯಂತಹ ಗಣಿಗಳಲ್ಲಿ ಅದಿರಿನ ಗುಣವನ್ನು ‘ಟನ್ನಿಗೆ ಇಷ್ಟು ಗ್ರಾಂ ಚಿನ್ನ’ ಎಂದು ಹೇಳುತ್ತಾರಲ್ಲ, ಅದೂ ಪಿಪಿಎಂ ಲೆಕ್ಕವೇ ಆಗಿದೆ, ಏಕೆಂದರೆ ಒಂದು ಟನ್ನಿನಲ್ಲಿ ಹತ್ತು ಲಕ್ಷ ಗ್ರಾಂ ಇರುತ್ತದೆ. ಪಿಪಿಎಂನ ಸಾವಿರದ ಒಂದು ಪಾಲು ಪಿಪಿಬಿ, ಅದರ ಸಾವಿರದ ಒಂದು ಪಾಲು ಪಿಪಿಟಿ. ಇಂಗ್ಲಿಷಿನ ಮಿಲಿಯನ್, ಬಿಲಿಯನ್, ಟ್ರಿಲಿಯನ್‌ಗಳನ್ನು ನಮ್ಮ ಎಣಿಕೆಗೆ ಇಳಿಸಿದರೆ ಇವು ಕ್ರಮವಾಗಿ ಹತ್ತು ಲಕ್ಷದಲ್ಲಿ ಒಂದು, ನೂರು ಕೋಟಿಯಲ್ಲಿ ಒಂದು, ಲಕ್ಷ ಕೋಟಿಯಲ್ಲಿ ಒಂದು. ಪ್ರತಿ ಮೆಟ್ಟಿಲಿಗೂ ಸಾವಿರ ಪಟ್ಟು ಇಳಿಯುತ್ತೇವೆ ಎಂಬುದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದು ಬರೀ ಗುಣಾಕಾರ.

ಈ ಮೆಟ್ಟಿಲುಗಳ ಅಳತೆ ಮನಸ್ಸಿಗೆ ಹಿಡಿಯಬೇಕಾದರೆ ನೀರಿನ ಉದಾಹರಣೆಯೇ ಅನುಕೂಲ. ಹತ್ತು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಹತ್ತು ಗ್ರಾಂ ಉಪ್ಪನ್ನು, ಅಂದರೆ ಎರಡು ಚಮಚೆಯಷ್ಟನ್ನು, ಕರಗಿಸಿದರೆ ಅದು 1 ಪಿಪಿಎಂ. ಅದೇ ಹತ್ತು ಗ್ರಾಂ ಉಪ್ಪು ಅಂತಹ ಸಾವಿರ ಟ್ಯಾಂಕರುಗಳಿಗೆ ಹಂಚಿಹೋದರೆ 1 ಪಿಪಿಬಿ. ಪಿಪಿಟಿಗೆ ಟ್ಯಾಂಕರಿನ ಲೆಕ್ಕ ಸಾಲದು, ಜಲಾಶಯಕ್ಕೇ ಹೋಗಬೇಕು. ಕೃಷ್ಣರಾಜಸಾಗರದ ಪೂರ್ಣ ಸಂಗ್ರಹ 49.45 ಟಿಎಂಸಿ ಅಡಿ, ಅಂದರೆ ಸುಮಾರು 140 ಕೋಟಿ ಘನಮೀಟರ್. ತೂಕದಲ್ಲಿ ಸುಮಾರು 140 ಕೋಟಿ ಟನ್ ನೀರು. ತುಂಬಿದ ಅಣೆಕಟ್ಟೆಯಲ್ಲಿ ಒಂದು ವಸ್ತು 1 ಪಿಪಿಬಿಯಷ್ಟು ಇರಬೇಕಾದರೆ ಅದು 1.4 ಟನ್ ಬೇಕಾಗುತ್ತದೆ. 1 ಪಿಪಿಟಿಯಷ್ಟು ಇರಲು ಬರೀ 1.4 ಕಿಲೋಗ್ರಾಂ ಸಾಕು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಪಿಎಫ್ಒಎ ಮತ್ತು ಪಿಎಫ್ಒಎಸ್ ಎಂಬ ಎರಡು ಫ್ಲೋರಿನ್‌ಯುಕ್ತ ರಾಸಾಯನಿಕಗಳಿಗೆ ಕುಡಿಯುವ ನೀರಿನಲ್ಲಿ ತಲಾ 4 ಪಿಪಿಟಿಯ ಮಿತಿಯನ್ನು ಪ್ರಕಟಿಸಿತು. ಆ ಮಿತಿಯನ್ನು ಮುಟ್ಟಲು ಇಡೀ ಕೃಷ್ಣರಾಜಸಾಗರಕ್ಕೆ ಆರು ಕಿಲೋಗ್ರಾಮಿಗಿಂತಲೂ ಕಡಿಮೆ ಸಾಕೆಂದರೆ, ಇಂದಿನ ವಿಶ್ಲೇಷಣಾ ರಸಾಯನವಿಜ್ಞಾನ ಎಂತಹ ಅಲ್ಪಾಂಶಗಳನ್ನು ಹಿಡಿಯುತ್ತಿದೆ ಎಂಬುದು ತಿಳಿಯುತ್ತದೆ.

ಇನ್ನು ನಿಮ್ಮ ಮೊದಲ ವರದಿಯ ಮಿಲಿಗ್ರಾಂ, ಮೈಕ್ರೋಗ್ರಾಂಗಳು. ಒಂದು ಗ್ರಾಮಿನ ಸಾವಿರದಲ್ಲಿ ಒಂದು ಭಾಗ ಮಿಲಿಗ್ರಾಂ, ಅದರ ಸಾವಿರದಲ್ಲಿ ಒಂದು ಭಾಗ ಮೈಕ್ರೋಗ್ರಾಂ, ಅದರ ಸಾವಿರದಲ್ಲಿ ಒಂದು ಭಾಗ ನ್ಯಾನೋಗ್ರಾಂ. ಒಂದು ಗುಲಗಂಜಿ ಸುಮಾರು 120 ಮಿಲಿಗ್ರಾಂ ತೂಗುತ್ತದೆ. ಮೈಕ್ರೋಗ್ರಾಂ ಎಂದರೆ ಆ ಗುಲಗಂಜಿಯನ್ನು ಒಂದು ಲಕ್ಷದ ಇಪ್ಪತ್ತು ಸಾವಿರ ಪಾಲು ಮಾಡಿದಾಗ ಸಿಗುವ ಒಂದು ಪಾಲು. ಒಂದು ಲೀಟರ್ ಸಾಮಾನ್ಯ ನೀರು ಹೆಚ್ಚುಕಡಿಮೆ ಒಂದು ಕಿಲೋಗ್ರಾಂ, ಅಂದರೆ ಹತ್ತು ಲಕ್ಷ ಮಿಲಿಗ್ರಾಂ, ತೂಗುವುದರಿಂದ ಲೀಟರಿಗೆ ಒಂದು ಮಿಲಿಗ್ರಾಂ ಎಂಬುದೂ 1 ಪಿಪಿಎಂ ಎಂಬುದೂ ವ್ಯವಹಾರದಲ್ಲಿ ಒಂದೇ ಆಗುತ್ತವೆ. ಹಾಗೆಯೇ ಲೀಟರಿಗೆ ಒಂದು ಮೈಕ್ರೋಗ್ರಾಂ ಎಂದರೆ 1 ಪಿಪಿಬಿ, ಲೀಟರಿಗೆ ಒಂದು ನ್ಯಾನೋಗ್ರಾಂ ಎಂದರೆ 1 ಪಿಪಿಟಿ. ನಿಮ್ಮ ಯುರೇನಿಯಂ 18 ಮೈಕ್ರೋಗ್ರಾಂ, ಅಂದರೆ 0.018 ಮಿಲಿಗ್ರಾಂ, ಫ್ಲೋರೈಡ್ 1.8 ಮಿಲಿಗ್ರಾಂ, ಅಂದರೆ 1800 ಮೈಕ್ರೋಗ್ರಾಂ. ಎರಡನ್ನೂ ಒಂದೇ ಏಕಮಾನದಲ್ಲಿ ಬರೆದುಕೊಂಡ ಕೂಡಲೇ ಹತ್ತು ಪಟ್ಟಿನ ಭ್ರಮೆ ಹರಿಯುತ್ತದೆ. ವರದಿಗಳಲ್ಲಿ ಮೈಕ್ರೋ ಎಂಬುದನ್ನು ‘ಮ್ಯೂ’ ಎಂಬ ಗ್ರೀಕ್ ಅಕ್ಷರದಿಂದ ಸೂಚಿಸುತ್ತಾರೆ. ಆ ಅಕ್ಷರ ಕೀಲಿಮಣೆಯಲ್ಲಿ ಸಿಗದವರು ಇಂಗ್ಲಿಷಿನ ‘ಯು’ ಹಾಕುತ್ತಾರೆ, ಥೈರಾಯ್ಡ್ ಮಾತ್ರೆಯ ಪಟ್ಟಿಯ ಮೇಲೆ ಅದೇ ‘ಎಂಸಿಜಿ’ ಎಂದಾಗಿರುತ್ತದೆ. ಕಣ್ತಪ್ಪಿನಿಂದ ಇವುಗಳನ್ನು ಮಿಲಿಗ್ರಾಂ ಎಂದು ಓದಿಕೊಂಡರೆ ಸಾವಿರ ಪಟ್ಟು ತಪ್ಪಾಗುತ್ತದೆ. ಹಾಗಾಗಿ ನಾನಂತೂ ಯಾವುದೇ ವರದಿ ಕೈಗೆ ಬಂದರೆ ಸಂಖ್ಯೆಯ ಅಂಕಣಕ್ಕಿಂತ ಮೊದಲು ಏಕಮಾನದ ಅಂಕಣವನ್ನೇ ನೋಡುತ್ತೇನೆ.

ಏಕಮಾನದ ಆಯ್ಕೆಯಿಂದ ಮನಸ್ಸನ್ನು ವಾಲಿಸಲೂ ಬಹುದು. ಬಾಟಲಿ ನೀರಿನಲ್ಲಿ ಯಾವುದೇ ಒಂದು ಕೀಟನಾಶಕಕ್ಕೆ ನಮ್ಮ ದೇಶದ ಮಾನಕ ಇಟ್ಟಿರುವ ಮಿತಿ ಲೀಟರಿಗೆ 0.0001 ಮಿಲಿಗ್ರಾಂ. ಇದನ್ನೇ 0.1 ಮೈಕ್ರೋಗ್ರಾಂ ಎಂದೂ 100 ನ್ಯಾನೋಗ್ರಾಂ ಎಂದೂ ಬರೆಯಬಹುದು. ಸಮಾಧಾನ ಹೇಳಬೇಕಾದವರು ಸೊನ್ನೆಗಳ ಸಾಲನ್ನೂ, ಹೆದರಿಸಬೇಕಾದವರು ನೂರನ್ನೂ ಆರಿಸಿಕೊಳ್ಳುತ್ತಾರೆ. ನೀರು ಮಾತ್ರ ಅದೇ.

ಪಿಪಿಎಂ ಮತ್ತು ಲೀಟರಿಗೆ ಮಿಲಿಗ್ರಾಂ ಒಂದೇ ಎಂಬ ಸೂತ್ರ ಎಲ್ಲ ಕಡೆಯೂ ನಡೆಯುವುದಿಲ್ಲ. ಸಮುದ್ರದ ನೀರು ಲೀಟರಿಗೆ ಸುಮಾರು 1.025 ಕಿಲೋಗ್ರಾಂ ತೂಗುವುದರಿಂದ ಅಲ್ಲಿ ಶೇಕಡಾ ಎರಡೂವರೆಯಷ್ಟು ವ್ಯತ್ಯಾಸ ಬರುತ್ತದೆ. ಪ್ರಬಲ ಸಲ್ಫ್ಯೂರಿಕ್ ಆಮ್ಲದ ಒಂದು ಲೀಟರ್ 1.84 ಕಿಲೋಗ್ರಾಂ ಇರುವುದರಿಂದ ಅಲ್ಲಿ ಸೂತ್ರವೇ ಮುರಿದುಬೀಳುತ್ತದೆ. ನಿಮ್ಮ ತೋಟದ ಮಣ್ಣಿನ ವರದಿಯಲ್ಲಿ ಪಿಪಿಎಂ ಎಂದರೆ ಕಿಲೋಗ್ರಾಂ ಮಣ್ಣಿಗೆ ಇಷ್ಟು ಮಿಲಿಗ್ರಾಂ ಎಂದೇ ತಿಳಿಯಬೇಕು, ಅಲ್ಲಿ ಲೀಟರಿನ ಮಾತೇ ಇಲ್ಲ. ಗಾಳಿಯ ವಿಷಯ ಇನ್ನೂ ಬೇರೆ. ವಾತಾವರಣದ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ ಎಂದು ಕೇಳುತ್ತೇವಲ್ಲ, ಅದು ತೂಕದ ಲೆಕ್ಕವಲ್ಲ. ಗಾಳಿಯ ಹತ್ತು ಲಕ್ಷ ಅಣುಗಳನ್ನು ಎಣಿಸಿದರೆ ಅವುಗಳಲ್ಲಿ 420 ಅಣುಗಳು ಅದರವು ಎಂಬ ಲೆಕ್ಕ. ಇಂಗಾಲದ ಡೈಆಕ್ಸೈಡಿನ ಅಣು ಗಾಳಿಯ ಸರಾಸರಿ ಅಣುವಿಗಿಂತ ಒಂದೂವರೆ ಪಟ್ಟು ಭಾರವಾಗಿರುವುದರಿಂದ ತೂಕದಲ್ಲಿ ಅದೇ ಪ್ರಮಾಣ ಸುಮಾರು 638 ಪಿಪಿಎಂ ಆಗುತ್ತದೆ. ‘ಯಾವುದರಲ್ಲಿ, ಯಾವ ಅಳತೆಯಲ್ಲಿ’ ಎಂಬುದನ್ನು ಪಿಪಿಎಂ ತಾನಾಗಿ ಹೇಳುವುದಿಲ್ಲ. ಅದರ ಮುಖ್ಯ ದೋಷವೇ ಇದು.

ಇನ್ನೊಂದು ದೋಷ ಭಾಷೆಯದು. ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳಲ್ಲಿ ಬಿಲಿಯನ್ ಎಂಬ ಪದಕ್ಕೆ ಇಂದಿಗೂ ನಮ್ಮ ಲೆಕ್ಕದ ಲಕ್ಷ ಕೋಟಿ ಎಂಬ ಅರ್ಥವಿದೆ. ಬ್ರಿಟನ್ನಿನ ಸರ್ಕಾರಿ ಲೆಕ್ಕಗಳು ನೂರು ಕೋಟಿಯ ಅರ್ಥಕ್ಕೆ ಬದಲಾದದ್ದೇ 1974ರಲ್ಲಿ. ಪಿಪಿಟಿಯ ಕಥೆ ಇನ್ನೂ ವಿಚಿತ್ರವಾದದ್ದು. ಕರಾವಳಿಯ ಸಿಗಡಿ ಕೃಷಿಕರು ಕೊಳದ ನೀರಿನ ಉಪ್ಪಿನಂಶವನ್ನು ‘15 ಪಿಪಿಟಿ’ ಎಂದು ಹೇಳುವಾಗ ಅದರರ್ಥ ಸಾವಿರದಲ್ಲಿ 15 ಭಾಗ ಎಂದು. ಪ್ರಯೋಗಾಲಯದವರ ಪಿಪಿಟಿ ಲಕ್ಷ ಕೋಟಿಯಲ್ಲಿ ಒಂದು. ಒಂದೇ ಮೂರು ಅಕ್ಷರಗಳಿಗೆ ಇರುವ ಈ ಎರಡು ಅರ್ಥಗಳ ನಡುವಿನ ಅಂತರ ನೂರು ಕೋಟಿ ಪಟ್ಟು. ಅಂತರರಾಷ್ಟ್ರೀಯ ಏಕಮಾನ ಪದ್ಧತಿಯ ಕೈಪಿಡಿ ಪಿಪಿಎಂ ಅನ್ನು ಸಹಿಸಿಕೊಂಡರೂ ಪಿಪಿಬಿ, ಪಿಪಿಟಿಗಳನ್ನು ಬಳಸದಿರುವುದು ಲೇಸೆಂದು ಹೇಳುವುದು ಇಂತಹ ಗೊಂದಲದ ಕಾರಣದಿಂದಲೇ. ಲೀಟರಿಗೆ ಇಷ್ಟು ಮಿಲಿಗ್ರಾಂ ಅಥವಾ ಮೈಕ್ರೋಗ್ರಾಂ ಎಂದು ಬರೆದ ವರದಿಯನ್ನೇ ಕೇಳಿ ಪಡೆಯಿರಿ ಎಂಬುದು ನನ್ನ ಸಲಹೆ.

ನಿಮ್ಮ ನೈಟ್ರೇಟ್ ಒಗಟಿಗೆ ಬರೋಣ. ಇಲ್ಲಿ ಕೇಳಬೇಕಾದದ್ದು ‘ಎಷ್ಟು’ ಎಂದಲ್ಲ, ‘ಯಾವುದಾಗಿ ಎಷ್ಟು’ ಎಂದು. ನೈಟ್ರೇಟ್ ಎಂಬುದು ಒಂದು ಸಾರಜನಕ ಮತ್ತು ಮೂರು ಆಮ್ಲಜನಕ ಪರಮಾಣುಗಳ ಗುಂಪು. ಅದರ ತೂಕ 62 ಎಂದಾದರೆ ಅದರೊಳಗಿನ ಸಾರಜನಕದ ತೂಕ 14. ಮೊದಲನೆಯ ಪ್ರಯೋಗಾಲಯ ಸಾರಜನಕವನ್ನು ಮಾತ್ರ ತೂಗಿ ಹೇಳಿದೆ, ಎರಡನೆಯದು ಇಡೀ ಗುಂಪನ್ನು ತೂಗಿದೆ. 62ನ್ನು 14ರಿಂದ ಭಾಗಿಸಿದರೆ ಸುಮಾರು 4.43, ನಿಮ್ಮ 9.5ನ್ನು 4.43ರಿಂದ ಗುಣಿಸಿ ನೋಡಿ, 42 ಬರುತ್ತದೆ. ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ, ಐಎಸ್ 10500, ನೈಟ್ರೇಟಿಗೆ ಲೀಟರಿಗೆ 45 ಮಿಲಿಗ್ರಾಂ ಮಿತಿ ಇಟ್ಟಿದೆ. ಅಮೆರಿಕದ ಮಿತಿ 10 ಮಿಲಿಗ್ರಾಂ ಎಂದು ಅಂತರ್ಜಾಲದಲ್ಲಿ ಓದಿ, ನಮ್ಮ ಮಾನಕ ನಾಲ್ಕೂವರೆ ಪಟ್ಟು ಸಡಿಲವೆಂದು ಸಿಟ್ಟಾದವರನ್ನು ನಾನು ಕಂಡಿದ್ದೇನೆ. ಆ 10 ಸಾರಜನಕದ ಲೆಕ್ಕ, ಈ 45 ನೈಟ್ರೇಟಿನ ಲೆಕ್ಕ, ಎರಡೂ ಹೆಚ್ಚುಕಡಿಮೆ ಒಂದೇ. ನಿಮ್ಮ 9.5ನ್ನು 45ರೊಂದಿಗೆ ಹೋಲಿಸಿದ್ದರೆ ನೀರು ಬಹಳ ಚೆನ್ನಾಗಿದೆ ಎನಿಸುತ್ತಿತ್ತು. 42ನ್ನು 10ರೊಂದಿಗೆ ಹೋಲಿಸಿದ್ದರೆ ಎದೆಯೊಡೆಯುತ್ತಿತ್ತು. ನಿಜಸ್ಥಿತಿ ಎಂದರೆ ನೀವು ಮಿತಿಯ ಒಳಗಿದ್ದೀರಿ, ಆದರೆ ಅಂಚಿನಲ್ಲಿದ್ದೀರಿ. ಮನೆಯಲ್ಲಿ ಎಳೆಗೂಸು ಇದ್ದರೆ ಆ ಅಂಚನ್ನು ಲಘುವಾಗಿ ಕಾಣಬೇಡಿ. ನೀರಿನ ಗಡಸುತನದಲ್ಲಿಯೂ ಇದೇ ಬಗೆಯ ‘ಆಗಿ’ ಇದೆ, ಅಲ್ಲಿ ಎಲ್ಲವನ್ನೂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೆಕ್ಕ ಹಾಕುತ್ತಾರೆ.

ಸೀಸದ ಎದುರಿಗಿರುವ ‘ಬಿಡಿಎಲ್’ ಎಂಬುದನ್ನು ಬಹುಮಂದಿ ‘ಇಲ್ಲ’ ಎಂದು ಓದಿಕೊಳ್ಳುತ್ತಾರೆ. ಅದರರ್ಥ ‘ಪತ್ತೆಯ ಮಿತಿಗಿಂತ ಕೆಳಗೆ’ ಎಂದಷ್ಟೇ, ಅಂದರೆ ನಮ್ಮ ಉಪಕರಣದ ಕಣ್ಣಿಗೆ ಬೀಳಲಿಲ್ಲ ಎಂದು. ಸೀಸಕ್ಕೆ ಮಾನಕದ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಅಂದರೆ 10 ಮೈಕ್ರೋಗ್ರಾಂ. ಪ್ರಯೋಗಾಲಯದ ಉಪಕರಣ 1 ಮೈಕ್ರೋಗ್ರಾಮನ್ನೂ ಹಿಡಿಯಬಲ್ಲದಾದರೆ ಅವರ ಬಿಡಿಎಲ್ ನೆಮ್ಮದಿಯ ಸುದ್ದಿ. ಅದು 50 ಮೈಕ್ರೋಗ್ರಾಂವರೆಗೆ ಕುರುಡಾಗಿದ್ದರೆ, ಮಿತಿಯ ನಾಲ್ಕು ಪಟ್ಟು ಸೀಸವಿರುವ ನೀರಿಗೂ ಅದು ಬಿಡಿಎಲ್ ಎಂದೇ ಬರೆಯುತ್ತದೆ. ಹೀಗಾಗಿ ಪತ್ತೆಯ ಮಿತಿ ಎಷ್ಟೆಂದು ನಮೂದಿಸದ ಬಿಡಿಎಲ್‌ಗೆ ಅರ್ಥವಿಲ್ಲ. ಪ್ರಯೋಗಾಲಯಕ್ಕೆ ಫೋನ್ ಮಾಡಿ ಆ ಒಂದು ಸಂಖ್ಯೆಯನ್ನು ಕೇಳಿ. ಪಿಪಿಬಿ ಮಟ್ಟದಲ್ಲಿ ಬಾಟಲಿಯ ಗೋಡೆ, ನಲ್ಲಿಯ ಹಿತ್ತಾಳೆ, ತೊಳೆಯದ ಕೈ ಇವೆಲ್ಲವೂ ಫಲಿತಾಂಶದಲ್ಲಿ ಪಾಲು ಕೇಳುತ್ತವೆ ಎಂಬುದನ್ನೂ ಮರೆಯಬಾರದು.

ಟಿಡಿಎಸ್ ಮೀಟರ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ, ಏಕೆಂದರೆ ನೀರು ಶುದ್ಧೀಕರಣ ಯಂತ್ರ ಮಾರುವವರು ಅದನ್ನು ಗಿಣಿಶಾಸ್ತ್ರದವರ ಗಿಣಿಯ ಹಾಗೆ ಬಳಸುತ್ತಿದ್ದಾರೆ. ಈ ಪುಟ್ಟ ಉಪಕರಣ ಯಾವುದನ್ನೂ ತೂಗುವುದಿಲ್ಲ. ನೀರು ಎಷ್ಟು ಸುಲಭವಾಗಿ ವಿದ್ಯುತ್ತನ್ನು ಹರಿಯಗೊಡುತ್ತದೆ ಎಂಬುದನ್ನು ಅಳೆದು, ಆ ಸಂಖ್ಯೆಯನ್ನು ತಯಾರಕರು ಆರಿಸಿದ ಒಂದು ಗುಣಕದಿಂದ, ಸಾಮಾನ್ಯವಾಗಿ 0.5ರಿಂದ 0.7ರೊಳಗಿನದರಿಂದ, ಗುಣಿಸಿ ಪಿಪಿಎಂ ಎಂದು ತೋರಿಸುತ್ತದೆ. ನಿಮ್ಮ ಮೀಟರಿನ ಗುಣಕ 0.5 ಆಗಿದ್ದರೆ, 0.7ರ ಗುಣಕವಿರುವ ಪಕ್ಕದ ಮನೆಯ ಮೀಟರ್ ಅದೇ ಲೋಟದ ನೀರಿಗೆ 896 ತೋರಿಸುತ್ತದೆ, ಇಬ್ಬರದೂ ಸುಳ್ಳಲ್ಲ. ಅದಕ್ಕಿಂತ ಮುಖ್ಯವಾದ ವಿಷಯವೆಂದರೆ ಆ 640ರಲ್ಲಿ ಬಹುಪಾಲು ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಬೈಕಾರ್ಬೊನೇಟ್, ಕ್ಲೋರೈಡುಗಳೇ. ನಿಮ್ಮ ಫ್ಲೋರೈಡ್ ಅದರ ಮುನ್ನೂರೈವತ್ತರಲ್ಲಿ ಒಂದು ಪಾಲು. ಯುರೇನಿಯಂ ಮೂವತ್ತೈದು ಸಾವಿರದಲ್ಲಿ ಒಂದು ಪಾಲು. ಅವು ಇದ್ದರೂ ಇಲ್ಲದಿದ್ದರೂ ಮೀಟರಿನ ಮುಳ್ಳು ಅಲುಗುವುದಿಲ್ಲ.

ಇಷ್ಟರವರೆಗೆ ತೂಕದ ಮಾತಾಯಿತು. ರಸಾಯನವಿಜ್ಞಾನಿಗೆ ಎಣಿಕೆಯೂ ಬೇಕಾಗುತ್ತದೆ, ಏಕೆಂದರೆ ರಾಸಾಯನಿಕ ಕ್ರಿಯೆಗಳು ನಡೆಯುವುದು ಗ್ರಾಮಿಗೆ ಗ್ರಾಮಿನಂತೆ ಅಲ್ಲ, ಕಣಕ್ಕೆ ಕಣದಂತೆ. ಡಜನ್ ಎಂದರೆ ಹನ್ನೆರಡು ಇರುವ ಹಾಗೆ, ಮೋಲ್ ಎಂದರೆ 6.022ರ ಮುಂದೆ ಬಿಂದುವನ್ನು ಇಪ್ಪತ್ಮೂರು ಸ್ಥಾನ ಬಲಕ್ಕೆ ಸರಿಸಿದಷ್ಟು ಕಣಗಳು. ಫ್ಲೋರೈಡಿನ ಒಂದು ಮೋಲ್ 19 ಗ್ರಾಂ, ಯುರೇನಿಯಂನದು 238 ಗ್ರಾಂ. ಈ ಲೆಕ್ಕದಲ್ಲಿ ನಿಮ್ಮ ಒಂದು ಲೀಟರಿನಲ್ಲಿ ಫ್ಲೋರೈಡ್ ಸುಮಾರು 95 ಮೈಕ್ರೋಮೋಲ್, ಯುರೇನಿಯಂ ಸುಮಾರು 0.076 ಮೈಕ್ರೋಮೋಲ್, ತೂಕದಲ್ಲಿ ನೂರು ಪಟ್ಟಿದ್ದ ಅಂತರ ಕಣಗಳ ಎಣಿಕೆಯಲ್ಲಿ ಸುಮಾರು 1250 ಪಟ್ಟಾಗುತ್ತದೆ. ಹಾಗೆಂದು 0.076 ಎಂಬುದು ಏನೂ ಅಲ್ಲವೆಂದು ಭಾವಿಸಬೇಡಿ, ಆ ಲೀಟರಿನಲ್ಲಿ ಸುಮಾರು 45 ಸಾವಿರ ಲಕ್ಷ ಕೋಟಿ ಯುರೇನಿಯಂ ಪರಮಾಣುಗಳಿವೆ. ‘ಒಂದು ಕಣವೂ ಇರಕೂಡದು’ ಎಂಬ ಬೇಡಿಕೆ ರಸಾಯನವಿಜ್ಞಾನದಲ್ಲಿ ಈಡೇರುವಂಥದ್ದಲ್ಲ. ನೀವು ದಿನವೂ ಕೇಳುವ ಪಿಎಚ್ ಕೂಡ ಇಂತಹದೇ ಒಂದು ಅತ್ಯಲ್ಪ ಸಾರತೆಯ ಅಳತೆ: ಪಿಎಚ್ 7 ಎಂದರೆ ಲೀಟರಿನಲ್ಲಿ ಹೈಡ್ರೋಜನ್ ಅಯಾನುಗಳು ಒಂದು ಮೋಲಿನ ಕೋಟಿಯಲ್ಲಿ ಒಂದು ಭಾಗ, ತೂಕದಲ್ಲಿ 0.1 ಪಿಪಿಬಿ. ಪಿಎಚ್ ಒಂದು ಅಂಕ ಇಳಿದರೆ ಆ ಸಾರತೆ ಹತ್ತು ಪಟ್ಟು ಏರುತ್ತದೆ. ಪಿಪಿಬಿಯ ಮಟ್ಟದಲ್ಲಿ ಏನೂ ನಡೆಯುವುದಿಲ್ಲ ಎನ್ನುವವರಿಗೆ ನಾನು ಸಾಮಾನ್ಯವಾಗಿ ಕೊಡುವ ಉತ್ತರ ಇದು.

ಹಾಗಾದರೆ ಹೆದರಿಕೆಯನ್ನು ಯಾವುದರಿಂದ ಅಳೆಯಬೇಕು? ಪ್ರತಿ ವಸ್ತುವನ್ನೂ ಅದರದೇ ಮಿತಿಯೊಂದಿಗೆ ಹೋಲಿಸಬೇಕೇ ಹೊರತು ಒಂದನ್ನು ಇನ್ನೊಂದರೊಂದಿಗಲ್ಲ. ಯುರೇನಿಯಂಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಟ್ಟವೂ ನಮ್ಮ ಮಾನಕದ ಮಿತಿಯೂ ಲೀಟರಿಗೆ 30 ಮೈಕ್ರೋಗ್ರಾಂ. ನಿಮ್ಮ 18 ಅದರ ಶೇಕಡಾ 60. ಆ ಮಿತಿಯನ್ನು ಇಟ್ಟಿರುವುದು ವಿಕಿರಣದ ಭಯದಿಂದಲ್ಲ, ಮೂತ್ರಪಿಂಡದ ಮೇಲೆ ಅದರ ರಾಸಾಯನಿಕ ಪರಿಣಾಮದ ಕಾರಣದಿಂದ. ಫ್ಲೋರೈಡಿಗೆ ಅಪೇಕ್ಷಿತ ಮಿತಿ ಲೀಟರಿಗೆ 1.0 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ವಿನಾಯಿತಿ, ನಿಮ್ಮ 1.8 ವಿನಾಯಿತಿಯನ್ನೂ ದಾಟಿದೆ. ನಮ್ಮ ಬಯಲುಸೀಮೆಯ ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಿಂದ ಆಳದ ನೀರಿಗೆ ಇಳಿಯುವ ಈ ಫ್ಲೋರೈಡ್ ವರ್ಷಗಟ್ಟಲೆ ದೇಹ ಸೇರಿದಾಗ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ಮೂಳೆಗಳು ಬಿಗಿಯುತ್ತವೆ.

ಟೂತ್‌ಪೇಸ್ಟಿನಲ್ಲಿ 1000 ಪಿಪಿಎಂ ಫ್ಲೋರೈಡ್ ಇರುತ್ತದೆ, ನೀರಿನಲ್ಲಿ 1.8 ಇದ್ದರೆ ಏನು ಮಹಾ ಎಂದು ನಿಮ್ಮ ಮನೆಯಲ್ಲಿ ಯಾರಾದರೂ ಕೇಳಬಹುದು. ಸಾರತೆ ಬೇರೆ, ದೇಹಕ್ಕೆ ಸೇರುವ ಮೊತ್ತ ಬೇರೆ. ಕಡಲೆಕಾಳಿನಷ್ಟು, ಅಂದರೆ ಕಾಲು ಗ್ರಾಂ ಪೇಸ್ಟಿನಲ್ಲಿರುವ ಫ್ಲೋರೈಡ್ ಕಾಲು ಮಿಲಿಗ್ರಾಂ, ಅದನ್ನೂ ಉಗಿಯುತ್ತೇವೆ. ದಿನಕ್ಕೆ ಮೂರು ಲೀಟರ್ ನೀರು ಕುಡಿಯುವ ರೈತನ ಹೊಟ್ಟೆಗೆ 1.8ರ ಲೆಕ್ಕದಲ್ಲಿ 5.4 ಮಿಲಿಗ್ರಾಂ ಹೋಗುತ್ತದೆ. ಅದೇ ನೀರಿನಲ್ಲಿ ಬೇಯಿಸಿದ ಅನ್ನ, ಸಾರು ಇನ್ನಷ್ಟನ್ನು ಸೇರಿಸುತ್ತವೆ. ಇದೇ ಭೇದವನ್ನು ಅರಿಯದೆ ‘ನೀರನ್ನು ಕುದಿಸಿ ಕುಡಿಯುತ್ತೇವೆ’ ಎಂದು ಸಮಾಧಾನಪಡುವವರಿದ್ದಾರೆ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಎರಡು ಲೀಟರ್ ನೀರು ಕುದಿದು ಒಂದು ಲೀಟರ್ ಆದರೆ ಅದರಲ್ಲಿನ ಫ್ಲೋರೈಡಿನ ಮೊತ್ತ ಅಷ್ಟೇ ಇದ್ದು, ಸಾರತೆ ಮಾತ್ರ 3.6 ಆಗಿರುತ್ತದೆ.

ನೀವು ಈಗ ಮಾಡಬೇಕಾದದ್ದು ಇಷ್ಟು. ಗಾಜಿನ ಬಾಟಲಿಯ ಬದಲು, ಅದೇ ನೀರಿನಿಂದ ಎರಡು ಮೂರು ಸಲ ಗಲಬರಿಸಿದ ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ, ಪಂಪು ಕೆಲವು ನಿಮಿಷ ಓಡಿದ ಮೇಲೆ ನೀರು ಹಿಡಿದು ಫ್ಲೋರೈಡ್ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿರಿ. ಮಳೆಗಾಲದ ನಂತರ ಒಮ್ಮೆ, ಬೇಸಿಗೆಯ ಕೊನೆಯಲ್ಲಿ ಒಮ್ಮೆ ಮಾಡಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ನೀರಿನ ಮಟ್ಟ ಇಳಿದಂತೆ ಸಂಖ್ಯೆ ಬದಲಾಗಬಹುದು. ಅಲ್ಲಿಯವರೆಗೆ ಕುಡಿಯಲು ಮತ್ತು ಅಡುಗೆಗೆ ಮಳೆನೀರನ್ನೋ, ಆರ್‌ಒ ಘಟಕದ ನೀರನ್ನೋ, ಸಕ್ರಿಯ ಅಲ್ಯೂಮಿನಾ ಸೋಸುಕದಿಂದ ಬಂದ ನೀರನ್ನೋ ಬಳಸಿ. ಸ್ನಾನಕ್ಕೂ ತೋಟಕ್ಕೂ ಕೊಳವೆಬಾವಿಯದೇ ಆಗುತ್ತದೆ. ಹೊಸ ವರದಿ ಬಂದಾಗ ಪ್ರತಿ ಸಂಖ್ಯೆಯ ಮುಂದೆ ಏಕಮಾನ, ಯಾವುದಾಗಿ ಲೆಕ್ಕ ಹಾಕಿದ್ದು, ಪತ್ತೆಯ ಮಿತಿ ಎಷ್ಟು ಎಂಬ ಮೂರೂ ಇವೆಯೇ ಎಂದು ನೋಡಿ, ಇಲ್ಲದಿದ್ದರೆ ಹಣ ಕೊಡುವ ಮುನ್ನವೇ ಬರೆಸಿಕೊಳ್ಳಿ.